ಮೇಲಿನ ಓಣಿಯ ನೀರು

ಕಲ್ಲಹೊಸೂರಿಗೆ ಮೂವತ್ತೊಂದು ವರ್ಷ ನೀರು ಬಿಟ್ಟವನು ಗೈಬುಸಾಬ. ಸಿಂದಗಿಯಿಂದ ಇಂಡಿಗೆ ಹೋಗುವಾಗ ಡಾಂಬರು ರಸ್ತೆ ಬಿಟ್ಟು ಎರಡು ಮೈಲಿ ಒಳಗೆ ನಡೆದರೆ ಸಿಗುವ ಊರು ಅದು. ಪಂಚಾಯಿತಿಯ ನೀರಗಂಟಿಯಾಗಿ ಅವನು ವಾಲ್ವ್ ತಿರುಗಿಸುವ ಉದ್ದನೆಯ ಕಬ್ಬಿಣದ ಚಾವಿಯನ್ನು ಸೈಕಲ್ಲಿಗೆ ಕಟ್ಟಿಕೊಂಡು ಓಣಿ ಓಣಿ ತಿರುಗುತ್ತಿದ್ದ. ಅವನನ್ನು ಕರೆಯದ ಬಾಗಿಲು ಊರಿನಲ್ಲಿರಲಿಲ್ಲ. ನಾಳೆ ನೀರು ಬರುತ್ತದೋ ಇಲ್ಲವೋ, ಮದುವೆ ಮನೆಗೆ ಒಂದು ತಾಸು ಹೆಚ್ಚಿಗೆ ಬಿಡುತ್ತಾನೋ ಇಲ್ಲವೋ, ಎಲ್ಲರೂ ಅವನನ್ನೇ ಕೇಳಬೇಕು. ಕೆಲವರು ಬೈಯುತ್ತಿದ್ದರು, ಕೆಲವರು ಕರೆದು ಕೂರಿಸಿ ಚಹಾ ಕೊಡುತ್ತಿದ್ದರು. ಬೈಗುಳವೂ ಚಹಾವೂ ತನಗೇ ಸಲ್ಲುತ್ತವೆ ಎಂದು ಅವನು ತಿಳಿದಿದ್ದ.

ನಿವೃತ್ತಿಯ ದಿನ ಪಂಚಾಯಿತಿಯವರು ಒಂದು ಶಾಲು ಹೊದಿಸಿ, ಒಂದು ಗೋಡೆ ಗಡಿಯಾರ ಕೊಟ್ಟು, ಈಗಿನ ಪದ್ಧತಿಯಂತೆ ಹಾರದ ಬದಲು ಒಂದು ಲಿಂಬೆ ಸಸಿಯನ್ನು ಕೈಯಲ್ಲಿಟ್ಟರು. ಮರುದಿನ ಬೆಳಿಗ್ಗೆ ಗೈಬುಸಾಬ ಅಭ್ಯಾಸಬಲದಿಂದ ಎದ್ದು, ಸೈಕಲ್ ಇಲ್ಲದೆ, ಚಾವಿ ಇಲ್ಲದೆ, ಊರ ಅಗಸಿ ಬಾಗಿಲಿನಿಂದ ಮಸೀದಿಯವರೆಗೆ ನಡೆದು ಹೋದ. ದಾರಿಯುದ್ದಕ್ಕೂ ಹೆಂಗಸರು ಕೊಡ ಹಿಡಿದು ಕಟ್ಟೆಯ ಮೇಲೆ ಕುಳಿತಿದ್ದರು. ಅವರ ಕಣ್ಣೆಲ್ಲ ಓಣಿಯ ಆ ತುದಿಯಿಂದ ಬರುವ ಹೊಸ ಹುಡುಗನ ಬೈಕಿನ ಮೇಲೆ ನೆಟ್ಟಿದ್ದವು. ಅಷ್ಟು ಮಂದಿಯಲ್ಲಿ ಒಬ್ಬರೂ ಅವನ ಹೆಸರು ಹಿಡಿದು ಕರೆಯಲಿಲ್ಲ. ಇಷ್ಟು ವರ್ಷ ಅವರು ಕರೆದದ್ದು ನೀರನ್ನು, ತನ್ನನ್ನಲ್ಲ ಎಂದು ಅವನಿಗೆ ಹೊಳೆದದ್ದು ಆ ದಿನ.

ಮನೆಯಲ್ಲೂ ಯಾರೂ ಇರಲಿಲ್ಲ. ಮಕ್ಕಳಾಗಿರಲಿಲ್ಲ. ಹೆಂಡತಿ ಲಾಲಬಿ ತೀರಿಕೊಂಡು ಆರು ವರ್ಷವಾಗಿತ್ತು. ಲಾಲಬಿ ಹೆಚ್ಚು ಮಾತಿನವಳಲ್ಲ. ಅವಳಿದ್ದಾಗಲೂ ಮನೆ ಸದ್ದಿಲ್ಲದ್ದೇ, ಹೋದ ಮೇಲೂ ಸದ್ದಿಲ್ಲದ್ದೇ, ಆದರೆ ಎರಡೂ ಒಂದೇ ಬಗೆಯದಲ್ಲ ಎಂದು ಅವನಿಗೆ ನಿಧಾನಕ್ಕೆ ಗೊತ್ತಾಗಿತ್ತು. ನೀರಿನ ದೊಡ್ಡ ಟಾಕಿಯ ಬುಡದಲ್ಲಿದ್ದ ಪಂಚಾಯಿತಿಯ ಎರಡು ಕೋಣೆಗಳನ್ನು ನಿವೃತ್ತಿಯಾದ ತಿಂಗಳೊಳಗೆ ಬಿಟ್ಟುಕೊಡಬೇಕಾಯಿತು. ಮೇಲಿನ ಓಣಿಯಲ್ಲಿ ಒಂದು ಕೋಣೆ, ಸಣ್ಣದೊಂದು ಹಿತ್ತಲು ಇರುವ ಮನೆಯನ್ನು ಬಾಡಿಗೆಗೆ ಹಿಡಿದ. ಗಡಿಯಾರವನ್ನು ಗೋಡೆಗೆ ತೂಗುಹಾಕಿದ. ಲಿಂಬೆ ಸಸಿಯನ್ನು ಹಿತ್ತಲಲ್ಲಿ ನೆಟ್ಟ.

ಅದು ಅವನು ಜೀವನದಲ್ಲಿ ಮೊದಲ ಸಲ ನೆಟ್ಟ ಗಿಡ. ಊರಿಗೆಲ್ಲ ನೀರು ಹಂಚಿದವನು ಒಂದು ಗಿಡಕ್ಕೂ ನೀರು ಹಾಕಿದವನಲ್ಲ. ಈಗ ದಿನಕ್ಕೆರಡು ಸಲ ನಳದಿಂದ ತಂಬಿಗೆ ತುಂಬಿ ತಂದು ಬುಡಕ್ಕೆ ಸುರಿಯುತ್ತಿದ್ದ. ಸುರಿದು ಅಲ್ಲೇ ಕುಕ್ಕರುಗಾಲಿನಲ್ಲಿ ಕೂರುತ್ತಿದ್ದ. ಬೆಳಗಿನ ಹೊತ್ತು ಹೀಗೆ ಅರ್ಧ ತಾಸು ಕಳೆಯುತ್ತಿತ್ತು, ಸಂಜೆ ಇನ್ನರ್ಧ ತಾಸು. ಉಳಿದ ಹೊತ್ತನ್ನು ಏನು ಮಾಡಬೇಕೆಂದು ತಿಳಿಯುತ್ತಿರಲಿಲ್ಲ.

ಒಂದೂವರೆ ತಿಂಗಳಿಗೆ ಹಳೆಯ ಎಲೆಗಳ ತುದಿ ಕಂದಿತು. ಬೀಡಿಯ ಬೆಂಕಿ ತಾಗಿಸಿದಂತೆ ತುದಿಯಿಂದ ಅಂಚಿಗೆ, ಅಂಚಿನಿಂದ ಒಳಕ್ಕೆ ಒಣಗುತ್ತ ಬಂದು ಎಲೆ ಉದುರತೊಡಗಿತು. ನೀರು ಸಾಲದೇನೋ ಎಂದು ಇನ್ನೊಂದು ತಂಬಿಗೆ ಹೆಚ್ಚು ಹಾಕಿದ. ಗಿಡ ಇನ್ನೂ ಬೇಗ ಸತ್ತಿತು. ಇಂಡಿಯ ಸಂತೆಯಿಂದ ಮತ್ತೊಂದು ತಂದ. ಅದಕ್ಕೂ ಹಾಗೇ ಆಯಿತು. ಮೂರನೆಯದಕ್ಕೆ ಬುಡದ ಮಣ್ಣು ಬದಲಿಸಿದ, ಕುರಿಗೊಬ್ಬರ ಹಾಕಿದ, ಬಿಸಿಲಿಗೆ ಗೋಣಿಚೀಲ ಕಟ್ಟಿದ. ಮೂರನೆಯದೂ ತುದಿಯಿಂದ ಕಂದಲು ಹತ್ತಿದಾಗ ಒಂದು ಟೊಂಗೆ ಮುರಿದುಕೊಂಡು ಅಗಸಿಯ ಬಳಿ ಚಹಾದಂಗಡಿ ಇಟ್ಟಿದ್ದ ಬಸಣ್ಣನ ಹತ್ತಿರ ಒಯ್ದ. ಬಸಣ್ಣನಿಗೆ ನಾಲ್ಕೆಕರೆ ಲಿಂಬೆ ತೋಟವಿತ್ತು. ಅವನು ಟೊಂಗೆಯನ್ನು ತಿರುಗಿಸಿ ನೋಡಿ, ರೋಗವೇನೂ ಕಾಣುವುದಿಲ್ಲ ಎಂದ. ಆಮೇಲೆ ನಕ್ಕು, ಅಲ್ಲಿ ಕುಳಿತಿದ್ದ ನಾಲ್ಕು ಜನರಿಗೂ ಕೇಳುವ ಹಾಗೆ ಹೇಳಿದ:

“ಗೈಬುಸಾಬ್ರ, ನಿಮ್ಮ ಕೈಗುಣಾನ ಸರಿ ಇಲ್ಲ ಬಿಡ್ರಿ.”

ಕುಳಿತವರೂ ನಕ್ಕರು. ಕೆಟ್ಟ ನಗೆಯೇನಲ್ಲ. ಗೈಬುಸಾಬನೂ ನಗಲು ನೋಡಿದ. ಆದರೆ ಆ ಮಾತು ಎಲ್ಲೋ ಕೇಳಿದ್ದು ಅನಿಸಿ ನಗು ಅರ್ಧಕ್ಕೇ ನಿಂತಿತು. ಚಹಾವನ್ನು ಪೂರ್ತಿ ಕುಡಿಯದೆ ಎದ್ದು ಬಂದ. ಮನೆಯ ತಿರುವಿಗೆ ಬರುವಷ್ಟರಲ್ಲಿ ನೆನಪಾಯಿತು. ಆ ಮಾತು ಈ ಊರಿನಲ್ಲಿ ಸೀತವ್ವನ ಮೇಲೆ ಬಿದ್ದಿತ್ತು. ಅದನ್ನು ಮೊದಲು ಹುಟ್ಟಿಸಿದವನು ತಾನೇ.

ಹನ್ನೊಂದು ವರ್ಷದ ಹಿಂದಿನ ಸಂಗತಿ. ಸೀತವ್ವ ಇದೇ ಮೇಲಿನ ಓಣಿಯವಳು, ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವಳು. ಯಾರ ಹೊಲಕ್ಕೂ ಕೂಲಿಗೆ ಹೋಗದೆ ಮನೆಯಲ್ಲೇ ಕೂತು ಬದುಕಬೇಕೆಂದು ಲಿಂಬೆ ಹಣ್ಣಿನ ಬೀಜ ತೆಗೆದು, ನೆರಳಲ್ಲಿ ಆರಿಸಿ, ಕಪ್ಪು ಪ್ಲಾಸ್ಟಿಕ್ ಚೀಲಗಳಲ್ಲಿ ಸಸಿ ಎಬ್ಬಿಸತೊಡಗಿದ್ದಳು. ಹಿತ್ತಲು ತುಂಬ ಒಂದೂವರೆ ಸಾವಿರ ಚೀಲ. ಗೇಣುದ್ದ ಬೆಳೆದ ಸಸಿಗಳು ಎಲೆಯ ತುದಿ ಸುಟ್ಟುಕೊಂಡು ಸಾಲುಸಾಲಾಗಿ ಸಾಯತೊಡಗಿದವು. ಆಕೆ ಒಂದು ಕೈಯಲ್ಲಿ ಸತ್ತ ಸಸಿ, ಇನ್ನೊಂದು ಕೈಯಲ್ಲಿ ಬಾಟಲಿಯಲ್ಲಿ ನಳದ ನೀರು ಹಿಡಿದುಕೊಂಡು, ಗೈಬುಸಾಬ ವಾಲ್ವ್ ತಿರುಗಿಸುತ್ತಿದ್ದ ಜಾಗಕ್ಕೇ ಬಂದಿದ್ದಳು. ನೀರಿನಲ್ಲೇ ಏನೋ ಇದೆ, ಪಂಚಾಯಿತಿಗೆ ಹೇಳಿ ಇದನ್ನು ಪರೀಕ್ಷೆಗೆ ಕಳಿಸು ಎಂದು ಕೇಳಿದ್ದಳು. ಅಂದು ಕರೆಂಟು ಹೋಗಿ ಬಂದು ಹೋಗಿ ಬಂದು, ಎರಡು ಓಣಿಯವರು ಒಟ್ಟಿಗೆ ಬೈದು, ಅವನ ತಲೆ ಕಾದಿತ್ತು. ನಳದ ಸುತ್ತ ಇಪ್ಪತ್ತು ಹೆಂಗಸರಿದ್ದರು. ಅವನು ಚಾವಿಯಿಂದ ಕೈ ತೆಗೆಯದೆಯೇ ಅಂದಿದ್ದ:

“ಇದ ನೀರ ಕುಡದು ಇಡೀ ಓಣಿ ಬದಕೈತಿ. ನೀರ ಸುದ್ದ ಐತಿ, ನಿನ್ನ ಕೈಗುಣ ನೋಡ್ಕೊ ಹೋಗು.”

ಹೆಂಗಸರು ನಕ್ಕಿದ್ದರು. ಅವನು ಮುಂದಿನ ವಾಲ್ವಿಗೆ ಹೋಗಿ ಆ ಮಾತನ್ನು ಮರೆತೇಬಿಟ್ಟಿದ್ದ. ಊರು ಮರೆಯಲಿಲ್ಲ. ಗಂಡನನ್ನು ಕಳೆದುಕೊಂಡವಳ ಮೇಲೆ ಅಂಥ ಮಾತು ಅಂಟಿಕೊಂಡಿತು. ಬೀಜ ಹಾಕುವಾಗ ಅವಳನ್ನು ಕರೆಯುವುದು ನಿಂತಿತು. ಹಪ್ಪಳ ಸಂಡಿಗೆಗೆ, ಉಪ್ಪಿನಕಾಯಿಗೆ ಕೈಹಚ್ಚಲು ಕರೆಯುವುದೂ ನಿಂತಿತು. ಒಂದೂವರೆ ವರ್ಷಕ್ಕೆ ಅವಳು ಮನೆಗೆ ಬೀಗ ಹಾಕಿ ಬಸವನ ಬಾಗೇವಾಡಿಯ ಕಡೆ ಇಂಗಳೇಶ್ವರದಲ್ಲಿದ್ದ ಅಣ್ಣ ಗುರಣ್ಣನ ಮನೆಗೆ ಹೊರಟುಹೋದಳು.

ಇಷ್ಟೆಲ್ಲ ನೆನಪಾದ ಮೇಲೆ ಗೈಬುಸಾಬನನ್ನು ಕಾಡಿದ್ದು ಇನ್ನೊಂದು ವಿಷಯ. ಮೇಲಿನ ಓಣಿಗೆ ಬರುವ ನೀರೇ ಬೇರೆ. ಕೆಳಗಿನ ಓಣಿಗಳಿಗೆಲ್ಲ ದೊಡ್ಡ ಟಾಕಿಯಿಂದ ಹೊಳೆ ನೀರು ಹೋಗುತ್ತದೆ. ಮೇಲಿನ ಓಣಿ ದಿಬ್ಬದ ಮೇಲಿದೆ, ಟಾಕಿಯ ನೀರು ಅಲ್ಲಿಗೆ ಏರುವುದಿಲ್ಲ. ಅದಕ್ಕೆ ಕನ್ನಡ ಸಾಲೆಯ ಹಿಂದಿನ ಹಳೆಯ ಬೋರಿನಿಂದ ಬೇರೆ ಪೈಪು. ಆ ನೀರು ಸ್ವಲ್ಪ ಸವಳು, ಅದರಲ್ಲಿ ತೊಗರಿ ಬೇಳೆ ಬೇಗ ಬೇಯುವುದಿಲ್ಲ, ಸಾಬೂನು ನೊರೆ ಬಿಡುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಆದರೆ ಅದೇ ನೀರಿನಲ್ಲಿ ಬೇವಿನ ಮರಗಳು ಹಸಿರಾಗಿದ್ದವು, ಚೆಂಡು ಹೂ ಅರಳುತ್ತಿತ್ತು. ಲಿಂಬೆಯನ್ನು ಆ ಓಣಿಯಲ್ಲಿ ಬೆಳೆಸಲು ಹೋದವಳು ಸೀತವ್ವ ಒಬ್ಬಳೇ. ಎರಡು ಪೈಪಿನ ಮೋಟಾರುಗಳನ್ನೂ ದಿನಾ ತನ್ನ ಕೈಯಿಂದಲೇ ಚಾಲೂ ಮಾಡುತ್ತಿದ್ದ ತಾನು ಇದನ್ನು ಯೋಚಿಸಲೇ ಇಲ್ಲವಲ್ಲ ಎಂದು ಅವನಿಗೆ ಈಗ ಅನಿಸಿತು.

ಅದೇ ವಾರ ಪಕ್ಕದ ಮನೆಯ ಫಿಲ್ಟರ್ ರಿಪೇರಿಗೆ ಸಿಂದಗಿಯಿಂದ ಇಜಾಜ ಎಂಬವನು ಬಂದ. ಅವನ ಜೇಬಿನಲ್ಲಿ ಪೆನ್ನಿನಂಥ ಒಂದು ಮೀಟರು. ನೀರಿಗೆ ಅದ್ದಿದರೆ ಅದರಲ್ಲಿ ಕರಗಿದ ಉಪ್ಪು, ಸುಣ್ಣ ಎಲ್ಲ ಸೇರಿ ಎಷ್ಟಿದೆ ಎಂದು ಅಂಕಿ ತೋರಿಸುತ್ತದೆ. ಗೈಬುಸಾಬ ತನ್ನ ನಳದ ನೀರನ್ನು ಒಂದು ಲೋಟದಲ್ಲಿ ಒಯ್ದು ಕೊಟ್ಟ. ಸಾವಿರದ ಎಂಟುನೂರ ನಲವತ್ತು ಎಂದು ಬಂತು. ಇದೇನು ದೊಡ್ಡ ಅಂಕಿಯೇ ಎಂದು ಅವನು ಕೇಳಿದ. ಕುಡಿಯಲು ಐನೂರರೊಳಗಿದ್ದರೆ ಚಲೋ ಎಂದ ಇಜಾಜ, ಗಿಡದ ಲೆಕ್ಕ ತನಗೆ ತಿಳಿಯದು ಎಂದ. ಗೈಬುಸಾಬ ಅವನನ್ನು ಅರ್ಧ ತಾಸು ನಿಲ್ಲಿಸಿಕೊಂಡು, ಕೆಳಗಿನ ಓಣಿಗೆ ನಡೆದು ಹೋಗಿ, ಮಸೀದಿಯ ನಳದಿಂದ ಇನ್ನೊಂದು ಲೋಟ ತಂದ. ಮುನ್ನೂರ ಎಂಬತ್ತು. ಅವನು ಎರಡು ಲೋಟಗಳನ್ನು ಅದಲುಬದಲು ಮಾಡಿ ಮತ್ತೆ ಅದ್ದಿಸಿದ. ಅಂಕಿ ಬದಲಾಗಲಿಲ್ಲ. ನೋಡಲು ಎರಡೂ ಒಂದೇ ತರಹ ತಿಳಿಯಾಗಿದ್ದವು.

ಇಂಡಿಯಲ್ಲಿ ಮಣ್ಣು, ನೀರು ಪರೀಕ್ಷೆ ಮಾಡುವ ಪ್ರಯೋಗಾಲಯವಿದೆ ಎಂದು ಇಜಾಜನೇ ಹೇಳಿದ್ದು. ಗೈಬುಸಾಬ ಎರಡು ಬಾಟಲಿ ತುಂಬಿಕೊಂಡು ಬಸ್ಸು ಹತ್ತಿದ. ಅಲ್ಲಿ ರಾಜಶ್ರೀ ಎಂಬ ಹುಡುಗಿಯಂಥ ಮೇಡಂ ಒಬ್ಬಳಿದ್ದಳು. ಬಾಟಲಿಯ ಮುಚ್ಚಳ ತೆಗೆದು ಮೂಸಿ, ಇದರಲ್ಲಿ ಇನ್ನೂ ಕಿತ್ತಳೆ ಶರಬತ್ತಿನ ವಾಸನೆಯಿದೆ ಎಂದು ವಾಪಸು ಕೊಟ್ಟಳು. ನೀರು ಹಿಡಿಯುವುದಕ್ಕೂ ಒಂದು ರೀತಿಯಿದೆ ಎಂದು ಕೂರಿಸಿ ಹೇಳಿದಳು. ಪೈಪಿನಲ್ಲಿ ನಿಂತ ಹಳೆಯ ನೀರು ಹೋಗುವ ಹಾಗೆ ಮೊದಲು ನಳವನ್ನು ಐದು ನಿಮಿಷ ಬಿಡಬೇಕು. ಅದೇ ನೀರಿನಿಂದ ಬಾಟಲಿಯನ್ನು ಮೂರು ಸಲ ಗಲಬರಿಸಿ ತೊಳೆಯಬೇಕು. ಗಾಳಿ ಉಳಿಯದ ಹಾಗೆ ಕಂಠದವರೆಗೆ ತುಂಬಿ, ಯಾವ ನಳ, ಯಾವ ದಿನ ಎಂದು ಬರೆದು ಅಂಟಿಸಿ, ಅಂದೇ ತಂದು ಕೊಡಬೇಕು. ನೀರಿನ ಕೆಲಸದಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡವನು ಮೊಮ್ಮಗಳ ವಯಸ್ಸಿನವಳ ಮುಂದೆ ಕೈಕಟ್ಟಿ ಕುಳಿತು ಎಲ್ಲವನ್ನೂ ಕೇಳಿಸಿಕೊಂಡ. ನಾಲ್ಕು ದಿನ ಬಿಟ್ಟು ಮತ್ತೆ ಬಂದ, ಅವಳು ಹೇಳಿದ ಹಾಗೆಯೇ ತುಂಬಿಕೊಂಡು. ಯಾರೋ ಒಬ್ಬರು ತನಗಾಗಿ ಒಂದು ಕೆಲಸ ಹೇಳಿದ್ದಾರೆ ಎಂಬ ಸಣ್ಣ ಸಮಾಧಾನವೂ ಅದರಲ್ಲಿತ್ತು.

ಹತ್ತು ದಿನಕ್ಕೆ ವರದಿ ಬಂತು. ರಾಜಶ್ರೀ ಎರಡು ಹಾಳೆಗಳನ್ನು ಮೇಜಿನ ಮೇಲೆ ಜೋಡಿಸಿಟ್ಟು ಬೆರಳಿಟ್ಟು ವಿವರಿಸಿದಳು. ಮಸೀದಿಯ ನಳದ ನೀರಿನಲ್ಲಿ ಗಿಡಕ್ಕೆ ಅಡ್ಡಿಯಾಗುವಂಥದ್ದೇನೂ ಇಲ್ಲ. ಮೇಲಿನ ಓಣಿಯದರಲ್ಲಿ ಉಪ್ಪಿನಂಶ ಬಹಳ, ಸುಣ್ಣವೂ ಬಹಳ. ಬೇವಿನಂಥ ಗಟ್ಟಿ ಗಿಡಗಳು ತಾಳಿಕೊಳ್ಳುತ್ತವೆ.

“ಲಿಂಬಿ ಭಾಳ ನಾಜೂಕ ಕಾಕಾ. ಉಪ್ಪು ಬೇರಿನಿಂದ ಏರಿ ಎಲಿ ತುದಿಗೆ ಹೋಗಿ ಕೂಡತೈತಿ. ಅದಕ್ಕ ತುದಿಯಿಂದ ಸುಡತೈತಿ. ನೀವು ನೀರ ಹೆಚ್ಚ ಹಾಕಿದಷ್ಟೂ ಉಪ್ಪ ಹೆಚ್ಚ ಹಾಕಿದಂಗ.”

ಹನ್ನೊಂದು ವರ್ಷದ ಹಿಂದೆಯೂ ಆ ಬೋರಿನ ನೀರು ಹೀಗೇ ಇದ್ದೀತೇ ಎಂದು ಗೈಬುಸಾಬ ಕೇಳಿದ. ಆಗ ಪರೀಕ್ಷೆ ಮಾಡಿಲ್ಲವಾದ್ದರಿಂದ ಖಚಿತವಾಗಿ ಹೇಳಲಾಗದು ಎಂದಳು ಅವಳು. ಆಗಲೂ ಬೇಳೆ ಬೇಯುತ್ತಿರಲಿಲ್ಲವೇ, ಆಗಲೂ ಲಿಂಬೆಯ ಎಲೆ ಇದೇ ರೀತಿ ತುದಿಯಿಂದ ಕಂದಿತ್ತೇ ಎಂದು ಕೇಳಿದಳು. ಎರಡಕ್ಕೂ ಅವನು ಹೌದು ಎಂದ. ಹಾಗಿದ್ದರೆ ಇದೇ ಕಾರಣ ಇರಬೇಕು ಎಂದಳು. ಮಳೆ ನೀರು ಹಿಡಿದಿಟ್ಟು ಹಾಕಿ, ಇಲ್ಲವಾದರೆ ಕೆಳಗಿನ ಓಣಿಯ ನೀರು ತಂದು ಹಾಕಿ, ನಿಮ್ಮ ಗಿಡ ಉಳಿಯುತ್ತದೆ ಎಂದು ಧೈರ್ಯ ಹೇಳಿ ಕಳಿಸಿದಳು. ಅವನು ಕೇಳಿದ್ದು ತನ್ನ ಗಿಡದ ಬಗ್ಗೆ ಅಲ್ಲವೆಂದು ಅವಳಿಗೆ ಗೊತ್ತಾಗುವಂತಿರಲಿಲ್ಲ.

ಆ ಶುಕ್ರವಾರ ನಮಾಜು ಮುಗಿಸಿ ಸೀತವ್ವನಿರುವ ಇಂಗಳೇಶ್ವರಕ್ಕೆ ಹೊರಡೋಣವೆಂದುಕೊಂಡ, ಹೊರಡಲಿಲ್ಲ. ಇಷ್ಟು ವರ್ಷದ ಮೇಲೆ ಹೋಗಿ ಏನು ಹೇಳುವುದು, ಅವಳು ಇದ್ದಾಳೋ ಇಲ್ಲವೋ, ಬಾಗಿಲಲ್ಲೇ ಬೈದು ಕಳಿಸಿದರೆ ಏನು ಮಾಡುವುದು. ಲಾಲಬಿ ಇದ್ದಿದ್ದರೆ ಒಂದು ಮಾತು ಕೇಳಬಹುದಿತ್ತು. ಆದರೆ ಅವಳಿದ್ದಾಗ ಯಾವುದಾದರೂ ವಿಷಯಕ್ಕೆ ಅವಳ ಮಾತು ಕೇಳಿದ್ದೇನೆಯೇ ಎಂದು ನೆನಪಿಸಿಕೊಳ್ಳಲು ನೋಡಿದ. ಒಂದೂ ಸಿಗಲಿಲ್ಲ. ಸೋಮವಾರ ಬೆಳಿಗ್ಗೆ ವರದಿಯನ್ನು ಮಡಚಿ ಅಂಗಿಯ ಒಳಜೇಬಿನಲ್ಲಿಟ್ಟುಕೊಂಡು ಸಿಂದಗಿಗೆ ಬಂದು ಬಾಗೇವಾಡಿಯ ಬಸ್ಸು ಹತ್ತಿದ.

ದೇವರಹಿಪ್ಪರಗಿ ದಾಟಿದ ಮೇಲೆ ರಸ್ತೆಯ ಎರಡೂ ಬದಿ ತೊಗರಿ. ಹೂ ಬಿಟ್ಟ ಹೊಲಗಳು ಕಣ್ಣು ಹರಿದಷ್ಟು ದೂರ. ಪಕ್ಕದಲ್ಲಿ ಕುಳಿತವನು ಯಾರ ಮನೆಗೆ ಹೊರಟಿರಿ ಎಂದು ಕೇಳಿದ. ಪರಿಚಯದವರ ಮನೆಗೆ ಎಂದು ಹೇಳಿ ಕಿಟಕಿಯ ಕಡೆ ತಿರುಗಿದ. ಬಾಗೇವಾಡಿಯಲ್ಲಿ ಇಳಿದು ಒಂದು ತಾಸು ಕಾದು ಇಂಗಳೇಶ್ವರದ ಬಸ್ಸು ಹಿಡಿದ. ಊರಿನಲ್ಲಿ ಗುರಣ್ಣನ ತಂಗಿ ಸೀತವ್ವ ಎಂದು ಕೇಳಿದರೆ ಸಸಿ ಸೀತವ್ವನೇ ಎಂದು ಮರುಪ್ರಶ್ನೆ ಬಂತು. ಹಾದಿ ತೋರಿಸಿದವನು, ಲಿಂಬೆ ಸಸಿ ಬೇಕಾದರೆ ಈಗಲೇ ಹೇಳಿಡಿ, ಹಬ್ಬದ ಹೊತ್ತಿಗೆ ಉಳಿಯುವುದಿಲ್ಲ ಎಂದೂ ಸೇರಿಸಿದ.

ಗುರಣ್ಣನ ಹೊಲದ ಬಾವಿಯ ಪಕ್ಕದಲ್ಲಿ ಹಸಿರು ಜಾಳಿಗೆ ಬಟ್ಟೆ ಹೊದಿಸಿದ ಚಪ್ಪರ. ಅದರ ಕೆಳಗೆ ಸಾಲುಸಾಲು ಕಪ್ಪು ಚೀಲಗಳು, ಒಂದೊಂದರಲ್ಲೂ ಮೊಣಕಾಲೆತ್ತರದ ಲಿಂಬೆ. ಸೀತವ್ವ ಕಳೆ ಕೀಳುತ್ತ ಕುಳಿತಿದ್ದಳು. ತಲೆ ನರೆತಿತ್ತು, ಮೈ ಗಟ್ಟಿಯಾಗಿತ್ತು. ಅವಳು ನೋಡಿದ ಕೂಡಲೇ ಗುರುತು ಹಿಡಿದಳು. ಬಾ ಎನ್ನಲಿಲ್ಲ, ಹೋಗು ಎನ್ನಲಿಲ್ಲ. ಎದ್ದು ಕೈ ತೊಳೆದು, ಬಾವಿಯ ಕಟ್ಟೆಯ ಮೇಲೆ ಗೋಣಿಚೀಲ ಹಾಸಿ, ಒಂದು ಚೊಂಬು ನೀರು ತಂದಿಟ್ಟಳು. ಅವನು ಕುಡಿದ. ಸಿಹಿ ನೀರು.

ಚೊಂಬನ್ನು ಕೆಳಗಿಟ್ಟ. ಜೇಬಿನಿಂದ ವರದಿ ತೆಗೆದು ಅವಳ ಮುಂದೆ ಹಿಡಿದ. ಆಮೇಲೆ ಒಂದೊಂದಾಗಿ ಹೇಳುತ್ತ ಬಂದ. ತನ್ನ ಮೂರು ಗಿಡ, ಬಸಣ್ಣನ ಮಾತು, ಇಜಾಜನ ಮೀಟರು, ಇಂಡಿಯ ಮೇಡಂ. ಕೊನೆಗೆ ಅಂದ:

“ಅವತ್ತ ನಳದ ಮುಂದ ನಾ ಆಡಿದ್ದ ತಪ್ಪು ಮಾತು ತಂಗಿ. ನೀರಿಂದ ತಪ್ಪಿತ್ತು. ನಿನ್ನ ಕೈದಲ್ಲ.”

ಸೀತವ್ವ ಹಾಳೆಯನ್ನು ತೆಗೆದುಕೊಳ್ಳಲಿಲ್ಲ. ಕೈಯಲ್ಲಿದ್ದ ಕಳೆಯ ಹುಲ್ಲನ್ನು ದೂರ ಎಸೆದಳು.

“ನನಗ ಗೊತ್ತಿತ್ತರೀ ಅಣ್ಣಾ. ನನಗ ಆವಾಗ ಗೊತ್ತಿತ್ತು. ಈ ಕಾಗದ ನಿಮಗ ಬೇಕಾಗಿತ್ತು.”

ಹೇಗೆ ಗೊತ್ತಿತ್ತು ಎಂದು ಅವನು ಕೇಳಿದ. ಅವಳು, ಲಾಲಬಿ ಹೇಗಿದ್ದಾಳೆ ಎಂದು ತಿರುಗಿ ಕೇಳಿದಳು. ತೀರಿಕೊಂಡು ಆರು ವರ್ಷವಾಯಿತು ಎಂದಾಗ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ತನಗೆ ಯಾರೂ ಹೇಳಲಿಲ್ಲ ಎಂದಳು. ಕಣ್ಣೊರೆಸಿಕೊಂಡು, ಬಾವಿಯ ಆಚೆ ಇದ್ದ ಎರಡು ದೊಡ್ಡ ಲಿಂಬೆ ಮರಗಳನ್ನು ತೋರಿಸಿದಳು. ಕಾಯಿ ತುಂಬಿ ಟೊಂಗೆಗಳು ನೆಲಕ್ಕೆ ಬಾಗಿದ್ದವು.

“ಅವು ಲಾಲಬಿ ವೈನಿ ನೀರ ಹಾಕಿದ ಗಿಡ.”

ಆಮೇಲೆ ಅವಳು ಹೇಳಿದ್ದನ್ನು ಗೈಬುಸಾಬ ತಲೆ ತಗ್ಗಿಸಿ ಕೇಳಿದ. ನಳದ ಮುಂದೆ ಆ ಮಾತಾದ ಮರುದಿನ ಸಂಜೆ ಲಾಲಬಿ ಸೊಂಟದಲ್ಲೊಂದು, ತಲೆಯ ಮೇಲೊಂದು ಕೊಡ ಹೊತ್ತುಕೊಂಡು ಸೀತವ್ವನ ಹಿತ್ತಲ ಬಾಗಿಲಿಗೆ ಬಂದಿದ್ದಳು. ಟಾಕಿಯ ನೀರು ಇದು, ಹಿಂದಿನ ಸಾಲಿಗೆ ಇದನ್ನೇ ಹಾಕಿ ನೋಡೋಣ ಅಂದಿದ್ದಳು. ದಿನಾ ಗೈಬುಸಾಬ ಬೋರಿನ ಮೋಟಾರು ಚಾಲೂ ಮಾಡಲು ಸಾಲೆಯ ಕಡೆ ಹೋಗುವ ಹೊತ್ತಿಗೆ ಎರಡು ಕೊಡ. ದಿಬ್ಬ ಏರಿ, ದಿಬ್ಬ ಇಳಿದು, ಒಂದು ವರ್ಷಕ್ಕೂ ಹೆಚ್ಚು. ಮುಂದಿನ ಸಾಲುಗಳು ಸತ್ತವು, ಹಿಂದಿನ ಸಾಲು ಉಳಿಯಿತು. ಊರು ಬಿಡುವಾಗ ಆ ಸಾಲಿನ ಎಂಬತ್ತು ಸಸಿಗಳನ್ನು ಟೆಂಪೋದಲ್ಲಿ ಹಾಕಿಕೊಂಡು ಬಂದದ್ದು, ಇಲ್ಲಿಯ ಕೆಲಸ ಶುರುವಾದದ್ದು ಅವುಗಳಿಂದಲೇ.

ನನಗೇಕೆ ಹೇಳಲಿಲ್ಲ ಅವಳು ಎಂದು ಗೈಬುಸಾಬ ಕೇಳಿದ್ದು ಅವನಿಗೇ ಸರಿಯಾಗಿ ಕೇಳಿಸಲಿಲ್ಲ.

“ನಾನೂ ಅಂದೆ, ನಿಮಗ ಹೇಳು ಅಂತ. ‘ಹೇಳಿದ್ರ ಅವ್ರು ಕೇಳೂದಿಲ್ಲ, ಸಿಟ್ಟಾಗತಾರ, ಆಮ್ಯಾಲ ನಾ ಈ ಕಡೆ ಬರೂದೂ ತಪ್ಪತೈತಿ’ ಅಂದ್ಲು. ಸಿಟ್ಟಿಲೆ ಅಂದಿದ್ದಲ್ಲರಿ. ನಕ್ಕೋತ ಅಂದ್ಲು.”

ಸೀತವ್ವ ಚಹಾ ಮಾಡಿ ಕೊಟ್ಟಳು. ಗುರಣ್ಣ ಬಂದು ಮಾತನಾಡಿಸಿ ಫೋನ್ ನಂಬರು ಕೊಟ್ಟು, ಊಟ ಮಾಡಿಕೊಂಡೇ ಹೋಗಬೇಕೆಂದ. ಸಂಜೆಯ ಬಸ್ಸು ತಪ್ಪುತ್ತದೆ ಎಂದು ಗೈಬುಸಾಬ ಎದ್ದ. ಹೊರಡುವ ಮುಂಚೆ, ಊರಿನಲ್ಲಿ ಎಲ್ಲರ ಮುಂದೆ ಈ ಮಾತು ಹೇಳುತ್ತೇನೆ ಎಂದ. ಸೀತವ್ವ ಚಹಾದ ಲೋಟ ಎತ್ತಿಟ್ಟಳು.

“ಹೇಳ್ರಿ. ನಾ ಬ್ಯಾಡ ಅನ್ನೂದಿಲ್ಲ. ಆದ್ರ ನನ್ನ ಸಲುವಾಗಿ ಅಂತ ಹೇಳಬ್ಯಾಡ್ರಿ.”

ಹಿಂದಿರುಗುವಾಗ ಬಸ್ಸಿನಲ್ಲಿ ಅವನು ಆ ಒಂದು ವರ್ಷದ ಸಂಜೆಗಳನ್ನು ಹುಡುಕಿದ. ಬೋರ್ ಚಾಲೂ ಮಾಡಿ ಮನೆಗೆ ಬಂದಾಗ ಲಾಲಬಿಯ ಸೀರೆಯ ಬದಿ ಒದ್ದೆಯಾಗಿರುತ್ತಿತ್ತೇ? ಇದ್ದಿರಬೇಕು. ಅವಳು ಸೊಂಟ ನೋವು ಎಂದು ಕೆಲವು ದಿನ ಎಣ್ಣೆ ತಿಕ್ಕಿಕೊಂಡದ್ದು ನೆನಪಾಯಿತು. ಎಲ್ಲಿಗೆ ಹೋಗಿದ್ದೆ ಎಂದು ಒಂದು ಸಲವಾದರೂ ಕೇಳಿದ್ದನೇ? ಕೇಳಿದ್ದರೆ ಹೇಳುತ್ತಿದ್ದಳೇನೋ. ಇಪ್ಪತ್ತೆಂಟು ವರ್ಷ ಒಂದೇ ಒಲೆಯ ಮುಂದೆ ಉಂಡವರು. ಆರು ವರ್ಷದಿಂದ ತಾನು ಒಬ್ಬನೇ ಎಂದುಕೊಂಡಿದ್ದ. ಅವಳು ಅದಕ್ಕಿಂತ ಎಷ್ಟೋ ಮೊದಲಿನಿಂದ ಆ ಮನೆಯಲ್ಲಿ ಒಬ್ಬಳೇ ಇದ್ದಳು ಎಂಬುದು ಹಿಪ್ಪರಗಿ ಬರುವಷ್ಟರಲ್ಲಿ ಅವನಿಗೆ ತಿಳಿಯಿತು. ಪಕ್ಕದ ಸೀಟಿನಲ್ಲಿ ಯಾರೂ ಇರಲಿಲ್ಲ. ಅವನು ಟವೆಲಿನಿಂದ ಮುಖ ಮುಚ್ಚಿಕೊಂಡ.

ಮುಂದಿನ ತಿಂಗಳು ಗ್ರಾಮಸಭೆ ಇತ್ತು. ಸಮುದಾಯ ಭವನದಲ್ಲಿ ನಲವತ್ತು ಐವತ್ತು ಜನ ಸೇರಿದ್ದರು. ಮನೆ ಕಟ್ಟುವ ಯೋಜನೆ, ಬೀದಿ ದೀಪ, ಗಟಾರ ಎಲ್ಲ ಮುಗಿದ ಮೇಲೆ ಗೈಬುಸಾಬ ಎದ್ದು ನಿಂತ. ವರದಿಯ ಎರಡು ಹಾಳೆಗಳನ್ನು ನಿಧಾನವಾಗಿ ಓದಿದ. ಮೇಲಿನ ಓಣಿಯ ನೀರಿನಲ್ಲಿ ಏನಿದೆ, ಯಾವ ಗಿಡಕ್ಕೆ ಆಗುತ್ತದೆ, ಯಾವುದಕ್ಕೆ ಆಗುವುದಿಲ್ಲ ಎಂದು ಹೇಳಿದ. ಅಷ್ಟು ಹೊತ್ತೂ ಜನ ಕೇಳಿದರು. ಆಮೇಲೆ ಅವನು ಹನ್ನೊಂದು ವರ್ಷದ ಹಿಂದೆ ನಳದ ಮುಂದೆ ಸೀತವ್ವನಿಗೆ ತಾನು ಆಡಿದ ಮಾತನ್ನು ಆಡಿದ ಹಾಗೆಯೇ ಹೇಳಿ, ಅದು ಸುಳ್ಳಾಗಿತ್ತು, ಎರಡೂ ಮೋಟಾರು ದಿನಾ ಚಾಲೂ ಮಾಡುತ್ತಿದ್ದವನು ನಾನೇ, ಎರಡು ನೀರು ಬೇರೆ ಎಂದು ಗೊತ್ತಿದ್ದೂ ಹಾಗೆಂದೆ ಎಂದ.

ಕೆಲವರು ಫೋನು ನೋಡಿಕೊಂಡರು. ಹಳೆಯದನ್ನೆಲ್ಲ ಯಾಕೆ ತೆಗೆಯುತ್ತೀರಿ ಎಂದು ಬಸಣ್ಣ ಸಮಾಧಾನದ ಧ್ವನಿಯಲ್ಲಿ ಹೇಳಿದ. ಮೂಲೆಯಲ್ಲಿ ಕುಳಿತಿದ್ದ ಮೇಲಿನ ಓಣಿಯ ಸುಂದರವ್ವ ಎಂಬ ಮುದುಕಿ ಮಾತ್ರ ಯಾರನ್ನೂ ನೋಡದೆ ಮಾತಾಡಿದಳು.

“ಬಾಜೂ ಮನಿಯಾಕಿ ಆಕಿ. ಆಕಿ ಕೈಲೆ ನಾ ಒಂದ ಮೆಣಸಿನ ಬೀಜಾನೂ ಹಾಕಿಸಲಿಲ್ಲ.”

ಮೇಲಿನ ಓಣಿಗೆ ಹೊಳೆ ನೀರು ಏರಿಸಲು ಬೇಡಿಕೆ ಕಳಿಸುತ್ತೇವೆ ಎಂದು ಪಂಚಾಯಿತಿ ಅಧಿಕಾರಿ ಬರೆದುಕೊಂಡರು. ಸಭೆ ಮುಗಿದು ಹೊರಬರುವಾಗ ಹೊಸ ನೀರಗಂಟಿಯನ್ನು ಹೆಂಗಸರು ಮುತ್ತಿಕೊಂಡು ನಾಳೆ ಎಷ್ಟು ಗಂಟೆಗೆ ಎಂದು ಕೇಳುತ್ತಿದ್ದರು. ಗೈಬುಸಾಬ ಅವರನ್ನು ಬಳಸಿಕೊಂಡು ಹಾದುಹೋದ.

ಮನೆಗೆ ಬಂದು ಗುರಣ್ಣನಿಗೆ ಫೋನು ಹಚ್ಚಿದ. ಸೀತವ್ವ ಸಸಿ ಹಾಕಿಸಿಕೊಡಲು ಮುದ್ದೇಬಿಹಾಳದ ಕಡೆಯ ಒಂದು ತೋಟಕ್ಕೆ ಹೋಗಿದ್ದಾಳೆ, ಬರುವುದು ನಾಲ್ಕು ದಿನವಾಗಬಹುದು ಎಂದ ಗುರಣ್ಣ. ಸಭೆಯಲ್ಲಿ ಹೇಳಿದೆ ಎಂದು ಅವಳಿಗೆ ತಿಳಿಸು ಎಂದ ಗೈಬುಸಾಬ. ತಿಳಿಸುತ್ತೇನೆ ಎಂದು ಅವನು ಫೋನು ಇಟ್ಟ.

ನಾಲ್ಕು ದಿನ ಕಳೆದು ಎಂಟು ದಿನವಾಯಿತು, ತಿಂಗಳಾಯಿತು. ಆ ಕಡೆಯಿಂದ ಫೋನು ಬರಲಿಲ್ಲ. ಗುರಣ್ಣ ತಿಳಿಸಿದನೋ ಮರೆತನೋ, ತಿಳಿಸಿದರೆ ಅವಳು ಏನೆಂದಳೋ, ಗೈಬುಸಾಬನಿಗೆ ಗೊತ್ತಾಗಲಿಲ್ಲ. ಇನ್ನೊಂದು ಸಲ ತಾನೇ ಮಾಡಿ ಕೇಳಬಹುದಿತ್ತು. ಕೇಳುವ ಹಕ್ಕು ತನಗಿಲ್ಲ ಎಂದುಕೊಂಡು ಸುಮ್ಮನಾದ. ಸಂಜೆ ಬಾಗಿಲು ತೆರೆದಿಟ್ಟು ಹೊಸ್ತಿಲ ಮೇಲೆ ಕೂರುವುದನ್ನು ರೂಢಿ ಮಾಡಿಕೊಂಡ. ಓಣಿಯಲ್ಲಿ ಹೋಗುವ ಬರುವವರನ್ನು ಈಗ ಅವನೇ ಹೆಸರು ಹಿಡಿದು ಕರೆಯುತ್ತಿದ್ದ, ಮನೆಯಲ್ಲಿ ಹೇಗಿದ್ದಾರೆ ಎಂದು ಕೇಳುತ್ತಿದ್ದ. ಕೆಲವರು ನಿಂತು ಒಂದೆರಡು ಮಾತಾಡುತ್ತಿದ್ದರು. ಹಲವರು ಕೈ ಎತ್ತಿ, ಅವಸರದಲ್ಲಿದ್ದೇವೆ ಎಂದು ಮುಂದೆ ಹೋಗುತ್ತಿದ್ದರು.